ಹೃದಯದ ಎಡ ಬಲ

ವೈಟ್‌ಫೀಲ್ಡ್ ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಶ್ಯಾಮಸುಂದರ ಹದಿನಾಲ್ಕು ವರ್ಷದಿಂದ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ. ಅವನು ಬರೆದ ನಕ್ಷೆ ತಪ್ಪೆಂದು ವಾಪಸ್ ಬಂದದ್ದು ಯಾರಿಗೂ ನೆನಪಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ಅವನ ಹೆಂಡತಿ ಸತ್ಯವತಿ ಸಮೀಪದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಇಬ್ಬರೂ ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಎಂಬತ್ತರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡಿದರು. ಶ್ಯಾಮಸುಂದರನೂ ಎಲ್ಲರ ಜೊತೆ ಗೇಟಿನ ಮುಂದೆ ಕೂತ. ಆದರೆ ಪೆನ್ಸಿಲ್ ಹಿಡಿದು ಅಭ್ಯಾಸವಾದ ಕೈ ಬಹಳ ದಿನ ಸುಮ್ಮನಿರಲಿಲ್ಲ. ಸತ್ಯವತಿಯ ಹತ್ತನೇ ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳು. ಜೀವಶಾಸ್ತ್ರದ ಪುಸ್ತಕವಿದ್ದದ್ದು ಒಂಬತ್ತು ಜನರ ಹತ್ತಿರ. ಅವೂ ಅಣ್ಣಂದಿರು ಅಕ್ಕಂದಿರು ಓದಿ ಬಿಟ್ಟಿದ್ದವು, ಚಿತ್ರಗಳ ಮೇಲೆಲ್ಲ ಎಣ್ಣೆ, ಮಸಿ.

"ನೀನು ಚಿತ್ರ ಹಾಕಿಕೊಡು ಸತ್ಯಾ, ನಾನು ಸ್ಟೆನ್ಸಿಲ್ ಕೊರೀತೀನಿ. ಸ್ಕೂಲಿನ ಸೈಕ್ಲೋಸ್ಟೈಲ್ ಮಿಷನ್ನಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ತೆಗೆಸಬಹುದು," ಎಂದ.

ಕಿವಿ, ಕಣ್ಣು, ಹೂವಿನ ಭಾಗಗಳು, ಜೀರ್ಣಾಂಗ. ಹಾಳೆಗಳು ಒಂದೊಂದಾಗಿ ಮಕ್ಕಳ ಕೈ ಸೇರಿದವು. ಪುಸ್ತಕದ್ದಕ್ಕಿಂತ ಇವೇ ಚೆನ್ನಾಗಿವೆ ಎಂದು ಹೆಡ್ಮಾಸ್ಟರೂ ಹೇಳಿದರು.

ಫೆಬ್ರವರಿಯಲ್ಲಿ ಸತ್ಯವತಿಯ ತಾಯಿ ತುಮಕೂರಿನಲ್ಲಿ ಹಾಸಿಗೆ ಹಿಡಿದರು. ಹೊರಡುವ ಗಡಿಬಿಡಿಯಲ್ಲಿ ಅವಳು ಹೃದಯದ ಚಿತ್ರವನ್ನು ಪೆನ್ಸಿಲಿನಲ್ಲಿ ಗೀಚಿಟ್ಟು ಹೋದಳು. ಶ್ಯಾಮಸುಂದರ ಅದನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ. ಹಾಳೆಯ ಎಡಗಡೆ ಇದ್ದ ಕೋಣೆಗಳಿಗೆ 'ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ' ಎಂದು ಬರೆದಿದ್ದಳು. ಬಲಗಡೆಯವಕ್ಕೆ 'ಎಡ'. ಪಾಪ, ತಾಯಿಯ ಚಿಂತೆಯಲ್ಲಿ ಅದಲು ಬದಲು ಮಾಡಿದ್ದಾಳೆ ಅಂದುಕೊಂಡ. ನಕ್ಷೆಯಲ್ಲಿ ಎಡ ಎಂದರೆ ಎಡವೇ ಆಗಬೇಕು. ಸ್ಟೆನ್ಸಿಲ್ ಕೊರೆಯುವಾಗ ಹೆಸರುಗಳನ್ನು ತಿರುಗಿಸಿ 'ಸರಿ' ಮಾಡಿದ. ಅವಳಿಗೆ ಬೇಜಾರಾದೀತೆಂದು ಆ ಮಾತು ಎತ್ತಲಿಲ್ಲ. ಅವಳು ತುಮಕೂರಿನಲ್ಲಿದ್ದಾಗಲೇ ಹಾಳೆ ಮಕ್ಕಳ ಕೈ ಸೇರಿತು.

ತಾಯಿ ಉಳಿಯಲಿಲ್ಲ. ಕರ್ಮಾಂತರ ಮುಗಿಸಿ ಸತ್ಯವತಿ ವಾಪಸ್ ಬರುವಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಮಕ್ಕಳು ಓದುವ ರಜೆಗೆ ಊರೂರಿಗೆ ಹೋಗಿದ್ದರು. ಎಪ್ಪತ್ತೇಳು ದಿನದ ಮುಷ್ಕರವೂ ಮುಗಿದು ಶ್ಯಾಮಸುಂದರ ಕೆಲಸಕ್ಕೆ ಹೋಗತೊಡಗಿದ್ದ.

ಮಾರ್ಚ್ ಕೊನೆಯ ಒಂದು ಮಂಗಳವಾರ ಮಧ್ಯಾಹ್ನ ಸತ್ಯವತಿ ಬಾಕಿ ಉಳಿದಿದ್ದ ಉತ್ತರಪತ್ರಿಕೆಗಳನ್ನು ತಿದ್ದಲು ಕೂತಳು. ಮೊದಲನೆಯವನು ಹೃದಯವನ್ನು ತಿರುಗಾಮುರುಗಾ ಬರೆದಿದ್ದ. ತಪ್ಪು ಹಾಕಿದಳು. ಎರಡನೆಯವಳದೂ ಹಾಗೇ. ಏಳನೆಯ ಪತ್ರಿಕೆಗೆ ಬರುವಾಗ ಅವಳ ಕೆಂಪು ಪೆನ್ನು ನಿಂತಿತು. ಎದ್ದು ಹೋಗಿ ಬೀರುವಿನಿಂದ ಆ ಹಾಳೆ ತೆಗೆದು ನೋಡಿದಳು.

ಗಂಡ ಮನೆಗೆ ಬಂದಾಗ ಕಾಫಿ ಕೊಡಲಿಲ್ಲ. ಹಾಳೆ ಮುಂದೆ ಹಿಡಿದಳು.

"ಇದನ್ನ ಯಾರು ತಿರುಗಿಸಿದ್ದು?"

"ನಾನೇ. ನೀನು ಎಡ ಬಲ ತಪ್ಪು..."

"ಅದು ಎದುರಿಗೆ ನಿಂತಿರೋ ಮನುಷ್ಯನ ಹೃದಯ ಕಣ್ರೀ. ಅವನ ಬಲ ನಮ್ಮ ಎಡಗಡೆ ಬರುತ್ತೆ."

ಶ್ಯಾಮಸುಂದರ ಹಾಳೆಯನ್ನು ನೋಡುತ್ತಲೇ ನಿಂತ.

"ಒಂದು ಮಾತು ಕೇಳಬಾರದಿತ್ತಾ?" ಎಂದಳು ಸತ್ಯವತಿ. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಇಪ್ಪತ್ತಾರು ಮಕ್ಕಳು ಹೀಗೇ ಬರೆದಿದಾರೆ. ಗುರುವಾರ ಪರೀಕ್ಷೆ ಶುರು. ಶುಕ್ರವಾರ ಜೀವಶಾಸ್ತ್ರ. ಎರಡು ಸೆಂಟರಿಗೆ ಹಂಚಿ ಹೋಗ್ತಾರೆ, ನನ್ನನ್ನ ಮೂರನೇ ಕಡೆ ಡ್ಯೂಟಿಗೆ ಹಾಕಿದಾರೆ. ನಾಳೆ ಬೆಳಗ್ಗೆಯಿಂದ ಅದರದ್ದೇ ಮೀಟಿಂಗ್."

ಅಂದು ಸಂಜೆಯೇ ಇಬ್ಬರೂ ದೊಡ್ಡನೆಕ್ಕುಂದಿಯ ಮಕ್ಕಳ ಮನೆಗಳಿಗೆ ಹೋಗಿ ಬಂದರು. ಹನ್ನೊಂದು ಜನ. ಉಳಿದ ಇಪ್ಪತ್ತು ಮಂದಿ ಮಾರತಹಳ್ಳಿ, ಮುನ್ನೇಕೊಳಾಲ, ಪಣತ್ತೂರು, ಬೆಳ್ಳಂದೂರುಗಳಲ್ಲಿದ್ದರು. ಸತ್ಯವತಿ ಊರಿನ ಪ್ರಕಾರ ಪಟ್ಟಿ ಬರೆದುಕೊಟ್ಟಳು.

ಬುಧವಾರ ಬೆಳಗ್ಗೆ ಶ್ಯಾಮಸುಂದರ ಕಾರ್ಖಾನೆಗೆ ಹೋಗಿ ಮೇಲಧಿಕಾರಿ ಜಯಸಿಂಹರ ಮುಂದೆ ನಿಂತ.

"ಇವತ್ತೊಂದು ದಿನ ರಜಾ ಬೇಕು, ಸಾರ್."

"ಎಪ್ಪತ್ತೇಳು ದಿನ ತಗೊಂಡಿದ್ದು ಸಾಲಲಿಲ್ವಾ?"

"ಅದು ರಜಾ ಅಲ್ಲ, ಸಾರ್."

ಜಯಸಿಂಹರು ತಲೆ ಎತ್ತಿದರು. "ನೋಟೀಸ್ ಬೋರ್ಡ್ ನೋಡಿದೀರಲ್ಲ? ಸದ್ಯಕ್ಕೆ ಯಾರಿಗೂ ರಜಾ ಇಲ್ಲ. ಹೇಳದೆ ಕೇಳದೆ ಹೋದ್ರೆ ಚಾರ್ಜ್‌ಶೀಟ್."

"ಹೇಳೇ ಹೋಗ್ತಿದೀನಿ, ಸಾರ್."

ಗೇಟು ದಾಟುವಾಗ ಅವನು ಹಿಂದೆ ತಿರುಗಿ ನೋಡಿದ. ಇಡೀ ಮುಷ್ಕರದಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ. ಆಗ ಸಾವಿರಾರು ಜನ ಜೊತೆಗಿದ್ದರು.

ಡ್ರಾಯಿಂಗ್ ಆಫೀಸಿನಲ್ಲಿ ತಪ್ಪು ನಕ್ಷೆ ಹೊರಗೆ ಹೋದರೆ ಮಾಡಬೇಕಾದ್ದು ಅವನಿಗೆ ಗೊತ್ತಿತ್ತು. ಒಂದೊಂದು ಪ್ರತಿಯನ್ನೂ ಹುಡುಕಬೇಕು, ತಿದ್ದಬೇಕು, ಮೂಲೆಯಲ್ಲಿ ಸಹಿ ಹಾಕಿ ತಾರೀಕು ಬರೆಯಬೇಕು. ಇಲ್ಲೂ ಅದನ್ನೇ ಮಾಡಿದ. ಮನೆ ಹುಡುಕಿ ಸೈಕಲ್ ನಿಲ್ಲಿಸುವುದು, ಹಾಳೆ ತರಿಸುವುದು, ಕೆಂಪು ಮಸಿಯಲ್ಲಿ ಎಡ ಬಲ ತಿದ್ದುವುದು. ಆಮೇಲೆ ಮಗುವಿನ ಎದುರು ನಿಂತು "ನನ್ನ ಎಡಗೈ ಮುಟ್ಟು ನೋಡೋಣ" ಎನ್ನುವುದು. ಮಗುವಿನ ಕೈ ತನ್ನ ಬಲಕ್ಕೆ ಚಾಚುತ್ತಿತ್ತು. "ನೋಡಿದ್ಯಾ? ಚಿತ್ರದಲ್ಲಿರೋನು ಹೀಗೆ ನಿಂತಿದಾನೆ."

ಮಾರತಹಳ್ಳಿ ಬೇಗ ಮುಗಿಯಿತು. ಮುನ್ನೇಕೊಳಾಲದಲ್ಲಿ ಗೋಪಾಲಪ್ಪ ಎನ್ನುವವನು ಮಗನನ್ನು ಹೊರಗೆ ಕಳಿಸಲೇ ಒಪ್ಪಲಿಲ್ಲ. "ನಾಳಿಕ್ಕೆ ಪರೀಕ್ಸೆ ಮಡಿಕ್ಕಂಡು ಇವತ್ತು ಬಂದು ತಪ್ಪು ಅಂತೀರಲ್ಲ, ಉಡುಗನ್ ಗತಿ ಏನ್ ಸಾಮಿ?" ಎಂದು ಬಾಗಿಲಿಗೆ ಅಡ್ಡ ನಿಂತ. ಶ್ಯಾಮಸುಂದರ ಬಿಸಿಲಿನಲ್ಲಿ ಅರ್ಧ ಗಂಟೆ ಕಾದ. ಕೊನೆಗೆ ಹುಡುಗನೇ ಹಿತ್ತಿಲಿನಿಂದ ಹಾಳೆ ಹಿಡಿದು ಬಂದ.

ಪಣತ್ತೂರಿನಲ್ಲಿ ನಲ್ಲಪ್ಪ ಎಂಬ ಹುಡುಗನ ಮನೆಗೆ ಬೀಗ. ಸೋದರಮಾವನ ಊರಲ್ಲಿದ್ದಾನೆ, ಹೊಸಕೋಟೆ ಆಚೆ, ಅಲ್ಲಿಂದಲೇ ಪರೀಕ್ಷೆಗೆ ಹೋಗುತ್ತಾನೆ ಎಂದರು ಪಕ್ಕದವರು. ಗಂಟೆ ಮೂರಾಗಿತ್ತು. ಹೊಸಕೋಟೆಗೆ ಹೋದರೆ ಬೆಳ್ಳಂದೂರಿನ ಆರು ಮಕ್ಕಳು ತಪ್ಪಿಹೋಗುತ್ತಾರೆ. ಸೈಕಲ್ ಹಿಡಿದು ಒಂದೆರಡು ನಿಮಿಷ ಅಲ್ಲೇ ನಿಂತ. ಆಮೇಲೆ ಬೆಳ್ಳಂದೂರಿನ ಕಡೆ ತುಳಿದ.

ಅಲ್ಲಿ ಕೊನೆಯ ಮನೆ ಆವಲಪ್ಪನದು. ಅವನ ಮಗಳು ಸೀತಾ ಕ್ಲಾಸಿಗೇ ಮೊದಲು. ಅವಳ ಹತ್ತಿರ ಪುಸ್ತಕವೂ ಇತ್ತು. ಶ್ಯಾಮಸುಂದರ ವಿಷಯ ಹೇಳಿದಾಗ ಹುಡುಗಿ ಒಳಗೆ ಹೋಗಿ ಪುಸ್ತಕ ತಂದು ತೆರೆದಳು. ಹೃದಯದ ಪಾಠದ ಎರಡು ಪುಟಗಳಲ್ಲಿ 'ಬಲ' ಎಂದಿದ್ದಲ್ಲೆಲ್ಲ ಗೀಟು ಹಾಕಿ 'ಎಡ' ಎಂದು ಬರೆದಿದ್ದಳು, 'ಎಡ' ಎಂದಿದ್ದಲ್ಲೆಲ್ಲ 'ಬಲ'.

"ಪುಸ್ತಕದಲ್ಲಿ ಬೇರೆ ತರ ಇತ್ತು ಸಾರ್. ಮೇಡಂ ಕೊಟ್ಟಿರೋ ಹಾಳೆ ತಪ್ಪಿರಲ್ಲ ಅಂತ ಪುಸ್ತಕಾನೇ ತಿದ್ದಿದೆ. ಇನ್ನಿಬ್ರಿಗೂ ಹೇಳಿಕೊಟ್ಟೆ."

ಶ್ಯಾಮಸುಂದರ ಕೆಂಪು ಪೆನ್ನು ತೆಗೆದ. ಹುಡುಗಿ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು.

"ಆವಾಗ್ಲೂ ನೀವೇ ಬರೆದಿದ್ದು, ಈವಾಗ್ಲೂ ನೀವೇ ಬರೀತೀರಾ. ಯಾವುದನ್ನ ನಂಬ್ಲಿ ಸಾರ್? ಎರಡೂ ಸರಿ ಅನ್ನಿಸ್ತಿದೆ ನಂಗೆ." ಮಾತು ಮುಗಿಯುವ ಮೊದಲೇ ಅತ್ತುಬಿಟ್ಟಳು.

"ಇಪ್ಪತ್ ದಿನದಿಂದ ಊಟ ಬುಟ್ಟು ಓದವ್ಳೆ," ಎಂದು ಆವಲಪ್ಪ ಮುಂದೆ ಬಂದ. "ಇನ್ ಒಂಟೋಗಿ ಸಾಮಿ. ಮಗಾನ ಇನ್ನೂ ಕೆಡಿಸ್‌ಬ್ಯಾಡಿ."

ಶ್ಯಾಮಸುಂದರ ಹೋಗಲಿಲ್ಲ. ನನ್ನನ್ನು ನಂಬು ಎನ್ನಲು ಬಾಯಿ ಬರಲಿಲ್ಲ. ಹಾಗೇ ಜಗಲಿಯ ತುದಿಯಲ್ಲಿ ಕೂತುಬಿಟ್ಟ.

ಆಗ ಅಲ್ಲೇ ಹುರುಳಿ ಕೇರುತ್ತಿದ್ದ ಹುಡುಗಿಯ ಅಜ್ಜಿ ಪಿಳ್ಳಮ್ಮ ಮೊರ ಕೆಳಗಿಟ್ಟಳು.

"ಗುಂಡಿಗೆ ಇಚಾರಾನಾ? ಅದುಕ್ಯಾಕ್ ಅಳ್ತೀಯೆ? ಎಷ್ಟ್ ಕುರಿ ಕುಯ್ದು ಎಚ್ಚಿಲ್ಲ ನಾನು. ಗುಂಡಿಗೆ ಒಂದ್ ಪಕ್ಕ ತೆಳ್ಳಗೆ ಚೀಲದಂಗೆ ಇರ್ತದೆ, ಇನ್ನೊಂದ್ ಪಕ್ಕ ದಪ್ಪ, ಗಟ್ಟಿ."

ಸೀತಾ ತಲೆ ಎತ್ತಿದಳು. "ದಪ್ಪ ಇರೋದು ಯಾವ ಪಕ್ಕ ಅಜ್ಜಿ?"

"ಬಾ ಇಲ್ಲಿ." ಅಜ್ಜಿ ಅವಳನ್ನು ಕೊಟ್ಟಿಗೆಯ ಕುರಿಯ ಹತ್ತಿರ ಕರೆದುಕೊಂಡು ಹೋದಳು. ಮೊಮ್ಮಗಳ ಅಂಗೈಯನ್ನು ಅದರ ಎಡ ಮುಂಗಾಲಿನ ಹಿಂದೆ ಒತ್ತಿ ಹಿಡಿದಳು. "ಬಡೀತದಾ? ದಪ್ಪಂದು ಇದೇ ಪಕ್ಕ ಇರಾದು. ಕುರಿ ಎಡಗಡೀಕೆ."

ಹುಡುಗಿ ಕೈ ತೆಗೆಯದೆ ನಿಂತಿದ್ದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಶುರು ಮಾಡಿದಳು. "ಮೈಗೆಲ್ಲ ರಕ್ತ ತಳ್ಳಬೇಕಾದ್ದು ದಪ್ಪ ಗೋಡೆದು. ಅದು ಎಡ ಹೃತ್ಕುಕ್ಷಿ. ಶ್ವಾಸಕೋಶದಿಂದ ಬರೋ ರಕ್ತ ಎಡಕ್ಕೆ. ಮೈಯಿಂದ ಬರೋದು ಬಲಕ್ಕೆ." ಎರಡು ಸಲ ಹೇಳಿ ಜಗಲಿಗೆ ಬಂದಳು. ಪುಸ್ತಕ ತೆರೆದು, ಶ್ಯಾಮಸುಂದರನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ತಿದ್ದತೊಡಗಿದಳು. ಅವನ ಮುಖ ನೋಡಲಿಲ್ಲ. ಮಿಕ್ಕಿಬ್ಬರಿಗೂ ನಾನೇ ಹೇಳುತ್ತೇನೆ ಎಂದಷ್ಟೇ ಅಂದಳು.

ನಲ್ಲಪ್ಪನಿಗೆ ಹೇಳಲು ಗೆಳೆಯರಿಗೆ ತಿಳಿಸಿದ್ದರೂ ಗುರುವಾರ ಸೆಂಟರಿನಲ್ಲಿ ಅವನು ಅವರ ಕೈಗೆ ಸಿಗಲಿಲ್ಲ. ಶುಕ್ರವಾರದ ಪತ್ರಿಕೆಯಲ್ಲಿ ಹೃದಯದ ಚಿತ್ರ ಬಂತು. ಬರೆದು ಭಾಗಗಳನ್ನು ಗುರುತಿಸಿ ಎಂದು.

ಕಾರ್ಖಾನೆಯಲ್ಲಿ ಚಾರ್ಜ್‌ಶೀಟೂ ಬಂತು. ಕಾರಣ ಬರೆಯುವ ಜಾಗದಲ್ಲಿ ಶ್ಯಾಮಸುಂದರ "ನನ್ನ ಕೈಯಿಂದ ತಪ್ಪು ನಕ್ಷೆ ಹೊರಗೆ ಹೋಗಿತ್ತು, ತಿದ್ದಲು ಹೋಗಿದ್ದೆ" ಎಂದು ಬರೆದ. ಜಯಸಿಂಹರು ಅದನ್ನು ಓದಿ ವಿವರ ಕೇಳಿದರು. ಆದರೂ ಎಚ್ಚರಿಕೆಯ ಪತ್ರ ಫೈಲಿಗೆ ಸೇರಿತು, ಆ ವರ್ಷ ಆಗಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಶ್ಯಾಮಸುಂದರ ಅದನ್ನು ಪ್ರಶ್ನಿಸಲಿಲ್ಲ.

ಫಲಿತಾಂಶ ಬಂದಾಗ ಸತ್ಯವತಿಯ ಕ್ಲಾಸಿನಲ್ಲಿ ಇಪ್ಪತ್ತೆಂಟು ಜನ ಪಾಸಾಗಿದ್ದರು. ಸೀತಾಳಿಗೆ ಮೊದಲ ದರ್ಜೆ. ಫೇಲಾದ ಮೂವರಲ್ಲಿ ನಲ್ಲಪ್ಪ ಒಬ್ಬ. ವಿಜ್ಞಾನ ಒಂದರಲ್ಲೇ, ಮೂರು ಅಂಕದಲ್ಲಿ. ಹೃದಯದ ಪ್ರಶ್ನೆಗೆ ಅವನು ಏನು ಬರೆದಿದ್ದನೋ, ಅದಕ್ಕೆ ಎಷ್ಟು ಸಿಕ್ಕಿತ್ತೋ ತಿಳಿಯುವ ದಾರಿ ಇರಲಿಲ್ಲ.

ಶ್ಯಾಮಸುಂದರ ಪಣತ್ತೂರಿಗೆ ಹೋಗಿ ನಡೆದದ್ದೆಲ್ಲ ಹೇಳಿದ. ಹುಡುಗ ನೆಲ ನೋಡುತ್ತಾ ಕೇಳಿಸಿಕೊಂಡ. ಬೈಯಲಿಲ್ಲ, ಪರವಾಗಿಲ್ಲ ಸಾರ್ ಎಂದೂ ಅನ್ನಲಿಲ್ಲ.

"ಮತ್ತೆ ಕಟ್ಟೋಕೆ ಇಷ್ಟ ಇದೆಯಾ?" ಎಂದು ಕೇಳಿದ ಶ್ಯಾಮಸುಂದರ.

"ಹೇಳಿಕೊಡೋರು ಯಾರು?"

"ಮೇಡಂ ಹೇಳಿಕೊಡ್ತಾರೆ. ಚಿತ್ರ ನಾನು ಹೇಳಿಕೊಡ್ತೀನಿ. ಭಾನುವಾರ ಭಾನುವಾರ ಮನೆಗೆ ಬಾ."

ಮೊದಲ ಎರಡು ಭಾನುವಾರ ನಲ್ಲಪ್ಪ ಬರಲಿಲ್ಲ. ಮೂರನೆಯದಕ್ಕೆ ಬಂದ. ಶ್ಯಾಮಸುಂದರ ಚಾಪೆ ಹಾಸಿದ, ಸತ್ಯವತಿ ಪುಸ್ತಕ ತಂದಳು, ಮೊದಲ ಪಾಠದಿಂದ ಶುರು ಮಾಡಿದರು.