ಮೇಲಿನ ಮನೆಯ ಕಾಫಿ

ಟ್ರಿಪೋಲಿಯ ಆ ಓಣಿಯಲ್ಲಿ ಹೆಂಗಸರು ಸಾಮಾನಿಗೆಂದು ಮೆಟ್ಟಿಲಿಳಿಯುವವರಲ್ಲ. ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸಿ ಕೂಗಿದರೆ ಸಾಕು, ಕೆಳಗಿನ ಅಂಗಡಿಯವನು ತುಂಬಿಸಿ ಕಳಿಸುತ್ತಾನೆ. ಮೊದಲೆಲ್ಲ ಬುಟ್ಟಿಗಳು ಬಾಯಿ ತೆರೆದುಕೊಂಡೇ ಮೇಲೇರುತ್ತಿದ್ದವು. ಫ್ರಾನ್ಸಿನ ಚೀಸು, ಡಬ್ಬಿ ಹಾಲಿನಪುಡಿ, ಏಲಕ್ಕಿ ಬೆರೆಸಿದ ಕಾಫಿ, ಯಾರ ಮನೆಗೆ ಏನು ಹೋಯಿತೆಂದು ಓಣಿಗೆಲ್ಲ ಗೊತ್ತು. ಗಡಿಯಲ್ಲಿ ಗುಂಡು ಹಾರಿ, ಬ್ಯಾಂಕುಗಳು ಬಾಗಿಲೆಳೆದುಕೊಂಡು, ನಾಡಿನ ದುಡ್ಡು ಲಿರಾ ಬರೀ ಕಾಗದವಾಯಿತು ನೋಡಿ, ಆಗ ಬುಟ್ಟಿಗಳಿಗೂ ನಾಚಿಕೆ ಬಂತು. ಒಂಟಿ ಮೊಟ್ಟೆ, ಹಿಡಿ ಅಕ್ಕಿ, ಎಲ್ಲವೂ ಬಟ್ಟೆ ಹೊದ್ದುಕೊಂಡೇ ಹತ್ತತೊಡಗಿದವು.

ಮೇಲಿನ ಮಹಡಿಯ ಓರಗಿತ್ತಿ ವಿದಾದಳ ಬುಟ್ಟಿ ತನ್ನ ಬಾಲ್ಕನಿ ದಾಟುವಾಗೆಲ್ಲ ಕೆಳಗಿನ ಮಹಡಿಯ ನುಹಾದಳ ಹೊಟ್ಟೆ ಉರಿಯುತ್ತಿತ್ತು. ಕಾರಣ ಅತ್ತೆ ಉಮ್ಮ್ ನಾಜಿಮ್. ಮುದುಕಿ ಇರುವುದು ನುಹಾದಳ ಮನೆಯಲ್ಲಿ, ಕಾಫಿಗೆ ಮಾತ್ರ ಮೇಲೆ. ಬೆಳಗಾಯಿತೋ ಇಲ್ಲವೋ ಗೋಡೆ ಹಿಡಿದುಕೊಂಡು ಹತ್ತುತ್ತಿದ್ದಳು. ಆಮೇಲೆ ಮೇಲಿನಿಂದ ಸೂರು ಹಾರಿಹೋಗುವಂಥ ನಗು.

ಕೊಲ್ಲಿ ದೇಶದಲ್ಲಿರುವ ಅಣ್ಣ ವಿದಾದಳಿಗೆ ಡಾಲರ್ ಕಳಿಸುತ್ತಾನೆ, ಆ ಬಟ್ಟೆಯಡಿ ಅಸಲಿ ಕಾಫಿ ಇದೆ ಎಂದು ನುಹಾದ್ ತಾನೇ ತೀರ್ಮಾನಿಸಿಬಿಟ್ಟಿದ್ದಳು. ಅತ್ತೆಯನ್ನು ಗೆದ್ದುಕೊಳ್ಳಲೇಬೇಕು. ಮಾಂಸ ಬಿಟ್ಟಳು, ಸೋಪಿನಪುಡಿಯನ್ನು ಬಿಡಿಯಾಗಿ ಕೊಂಡಳು, ತನ್ನ ಕಾಫಿಯನ್ನೇ ನಿಲ್ಲಿಸಿದಳು. ಉಳಿದದ್ದರಲ್ಲಿ ಚಿಟಿಕೆ ಅಸಲಿ ಪುಡಿ ತರಿಸಿ ಒಂದು ಬಟ್ಟಲು ಮಾಡಿ ಅತ್ತೆಯ ಮುಂದಿಡುತ್ತಿದ್ದಳು. ಮುದುಕಿ ಅದನ್ನು ಗುಟುಕರಿಸಿ, ತಲೆ ತಗ್ಗಿಸಿಕೊಂಡು, ಮತ್ತೆ ಮೇಲಕ್ಕೇ ಹೋಗುತ್ತಿದ್ದಳು. ಇಷ್ಟು ಮಾಡಿದರೂ ಅವಳೇ ಬೇಕೇ!

ಒಂದು ದಿನ ವಿದಾದಳ ಬುಟ್ಟಿ ನುಹಾದಳ ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದ ಕೈ ಬಟ್ಟೆಯನ್ನೂ ಎತ್ತಿತು. ಒಳಗೆ ಎರಡು ಈರುಳ್ಳಿ, ಒಂದು ಪೊಟ್ಟಣ ಕಡಲೆಕಾಳು.

"ಏ ವಿದಾದ್, ಕಾಫಿಪುಡಿ ಎಲ್ಲೇ?"

"ಕಾಫೀನಾ? ಅದರ ಮುಖ ನೋಡಿ ಯಾವ ಕಾಲ ಆಯ್ತೋ. ಕಡಲೆ ಕರ‍್ರಗೆ ಹುರಿದು ಕುದಿಸ್ತೀನಿ ಅಷ್ಟೆ. ಹಗ್ಗ ಬಿಡ್ಸಕ್ಕ ಮೊದ್ಲು."

ನುಹಾದಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಉರಿ ಇಮ್ಮಡಿಯಾಯಿತು. ಇಷ್ಟು ದಿನ ಕಾಫಿಯ ಮೇಲೆ ತಪ್ಪು ಹೊರಿಸುತ್ತಾ ಬಂದಿದ್ದಳು. ಈಗ ಯಾರ ಮೇಲೆ ಹೊರಿಸುವುದು? ಕಡಲೆ ಕಷಾಯಕ್ಕಿಂತ ಕಡೆಯಾದೆನೇ ನಾನು?

ಅತ್ತೆ ಇಳಿದು ಬಂದದ್ದೇ ತಡ, ಆ ಕಡಲೆ ನೀರಿಗಾಗಿ ಮೇಲೆ ಹತ್ತುವುದೇಕೆಂದು ಬಾಗಿಲಲ್ಲೇ ತಡೆದು ಕೇಳಿದಳು. ಮುದುಕಿ ಬರಿಗೈಯಲ್ಲೇ ಮೂಗೊರೆಸಿಕೊಂಡಳು.

"ನೀನು ಒಂದೇ ಬಟ್ಟಲು ತರ್ತೀಯಮ್ಮ. ನಾನು ಕುಡಿಯೋದನ್ನ ನೋಡ್ತಾ ಕೂರ್ತೀಯ. ನನಗೆ ಗಂಟಲಲ್ಲಿ ಇಳಿಯಲ್ಲ. ಅಲ್ಲಿ ಎಲ್ಲರ ಕೈಲೂ ಬಟ್ಟಲಿರುತ್ತೆ."

ಮರುದಿನ ಬೆಳಗ್ಗೆ ನುಹಾದ್ ಬುಟ್ಟಿ ಇಳಿಸಿ ಕಡಲೆ ತರಿಸಿದಳು. ಹೊಗೆ ಮೇಲಿನ ಮನೆಗೂ ಹೋಗಲೆಂದು ಕಿಟಕಿ ತೆರೆದಿಟ್ಟೇ ಹುರಿದಳು. ಎರಡು ಬಟ್ಟಲು ತಂದು ಅತ್ತೆಯ ಎದುರು ಕೂತು, ಅವಳು ಮೊದಲ ಗುಟುಕು ನುಂಗುವ ತನಕವೂ ತಡೆಯಲಾರದೆ ಕೇಳಿದಳು.

"ಹೇಳಿ ಅತ್ತೆ, ಯಾರದು ಚೆನ್ನಾಗಿದೆ? ಅವಳದೋ, ನನ್ನದೋ?"

"ಎರಡೂ ದರಿದ್ರವಾಗಿದೆ," ಎಂದಳು ಮುದುಕಿ. "ಇನ್ನೊಂದು ಬಟ್ಟಲು ಹಾಕು."