ಮೈಕಮ್ಮ ಮಗಳಿಗೆ ಹಾಲೂಡಿಸಿದ್ದು

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಬಸ್ ನಿಲ್ದಾಣದಲ್ಲಿ ದಿನವಿಡೀ ಕೂಗಿ ಹೇಳುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಮೈಕು ಕೆಟ್ಟರೂ ಅವಳ ಗಂಟಲು ಕೆಟ್ಟಿದ್ದಿಲ್ಲ. ಅಂಥ ಗಟ್ಟಿಗಿತ್ತಿಗೆ ಹುಟ್ಟಿದ ಮಗಳು ಮಾತ್ರ ಸದ್ದಿಲ್ಲದ ಕೂಸು. ನಾಲ್ಕು ಗುಟುಕು ಹೀರುವಷ್ಟರಲ್ಲಿ ನಿದ್ದೆ. ಮೊಲೆತೊಟ್ಟು ಬಿರಿದಿತ್ತು; ಕೂಸು ಬಾಯಿ ಹಾಕಿದರೆ ಸಾಕು, ಮೈಕಮ್ಮನ ಜೀವ ಹೋಗಿ ಬಂದ ಹಾಗಾಗುತ್ತಿತ್ತು.

"ಹಾಲು ಸಾಲ್ತಿಲ್ಲ ಕಣೇ. ಹಾಲಿನ ಪುಡಿ ಡಬ್ಬ ತರಿಸೋಣ," ಎಂದರು ಅತ್ತೆ. "ನನ್ನ ಮಗ ಅದರಲ್ಲೇ ಬೆಳೆದಿದ್ದು. ಅವನಿಗೇನಾಗಿದೆ?"

"ಅದನ್ನ ಹೇಳೋಕೆ ಕೂತ್ರೆ ಸಂಜೆ ಆಗುತ್ತೆ ಬಿಡಿ ಅತ್ತೆ," ಎಂದು ಮೈಕಮ್ಮ ನಕ್ಕಳು. "ಮೊದಲು ನರ್ಸಮ್ಮನ್ನ ಕೇಳೋಣ. ಅವರು ಬೇಕು ಅಂದ್ರೆ ತರೋಣ."

ನರ್ಸಮ್ಮ ಕೂಸನ್ನು ತೂಗಿದರು. ತೂಕ ಕೊಂಚ ಇಳಿದಿತ್ತು, ಗಾಬರಿಪಡುವಷ್ಟಲ್ಲ. ಆಮೇಲೆ ಹಾಲೂಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿದರು.

"ನೋಡಿ, ತೊಟ್ಟಿನ ತುದಿ ಮಾತ್ರ ಕಚ್ಕೊಂಡಿದೆ. ಬಾಯಿ ಅಗಲ ತೆಗೆಯೋವರೆಗೂ ಕಾದು, ಕೂಸನ್ನ ಎದೆಗೆ ಒತ್ತಿಕೊಳ್ಳಿ. ನೀವು ಬಗ್ಗಬೇಡಿ. ಮಲಗಿದ್ರೆ ಅಂಗಾಲು ತಿಕ್ಕಿ ಎಬ್ಬಿಸಿ. ಎದೆ ಖಾಲಿಯಾದಷ್ಟೂ ಹಾಲು ಬರುತ್ತೆ."

ಅಂಗಾಲು ತಿಕ್ಕುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. "ಏಳೇ ಸೋಮಾರಿ, ಊಟಕ್ಕೆ ಬಾ!" ಎಂದು ಮೊಮ್ಮಗಳನ್ನು ಗದರುತ್ತಿದ್ದರು. ಮುಂದಿನ ಸಲ ತೂಗಿದಾಗ ಮುಳ್ಳು ಮೇಲೇರಿತ್ತು. ಪುಡಿ ಡಬ್ಬದ ಮಾತು ಮತ್ತೆ ಬರಲಿಲ್ಲ.

ಹೆರಿಗೆ ರಜೆ ಮುಗಿಯಿತು. ಕೆಲಸಕ್ಕೆ ಹೋದ ದಿನವೇ ಮೈಕಮ್ಮ ನಿಲ್ದಾಣದ ಸಾಹೇಬರ ಮುಂದೆ ನಿಂತಳು.

"ಸರ್, ಮುರುಕು ಕುರ್ಚಿ ತುಂಬಿದ ಆ ಕೋಣೆ ನನಗೆ ಬೇಕು."

"ಯಾಕಮ್ಮಾ?"

"ಹಾಲು ಹಿಂಡೋಕೆ."

ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ. "ನಿಲ್ದಾಣದೊಳಗೆ ಹಸು ಕಟ್ಟೋ ಹಾಗಿಲ್ಲ."

"ಹಸು ನಿಮ್ಮೆದುರಿಗೇ ನಿಂತಿದೆ ಸರ್."

ಅರ್ಥವಾಗುತ್ತಲೇ ಸಾಹೇಬರ ಕಿವಿ ಕೆಂಪಾಯಿತು. ಬೀಗದ ಕೈ ಮೇಜಿನ ಮೇಲೆ ಬಂತು.

ಕುರ್ಚಿಗಳನ್ನು ಕಂಡಕ್ಟರುಗಳು ಹೊರಗೆ ಹಾಕಿದರು. ಮೈಕಮ್ಮ ಕಿಟಕಿಗೆ ಪರದೆ ಕಟ್ಟಿದಳು. ಎದೆಹಾಲು ಹಿಂಡುವ ಪುಟ್ಟ ಯಂತ್ರವನ್ನು ಮನೆಯಿಂದ ತಂದಿದ್ದಳು. ಮೊದಮೊದಲು ಅದರ ಸೀಸೆಯ ತಳ ಮುಚ್ಚುವುದೂ ಕಷ್ಟವಾಯಿತು. ಕೂಸು ಹೀರಿದ ಹಾಗೆ ಯಂತ್ರ ಹೀರುತ್ತದೆಯೇ? ಒಂದು ಮಧ್ಯಾಹ್ನ ಅಲ್ಲೇ ಕೂತು ಅತ್ತುಬಿಟ್ಟಳು. ಮುಖ ತೊಳೆದು ಬಂದು ಹೊರಡುವ ಬಸ್ಸನ್ನು ಕೂಗಿದಳು. ಅಂದಿನಿಂದ ಕೆಲಸಕ್ಕೆ ಹೊರಡುವ ಮುನ್ನ ಒಮ್ಮೆ, ಮನೆಗೆ ಕಾಲಿಟ್ಟ ಕೂಡಲೇ ಇನ್ನೊಮ್ಮೆ ಕೂಸಿಗೆ ಎದೆ ಕೊಟ್ಟಳು. ವಾರದ ರಜೆಯಲ್ಲಂತೂ ಮಗಳನ್ನು ಮೈಗಂಟಿಸಿಕೊಂಡೇ ಇದ್ದಳು. ಬಿಡುವು ಸಿಕ್ಕಾಗಲೆಲ್ಲ ಹಿಂಡುವುದನ್ನೂ ತಪ್ಪಿಸಲಿಲ್ಲ. ಹಾಲು ನಿಧಾನಕ್ಕೆ ಏರಿತು, ಹಗಲು ಅತ್ತೆ ಕೂಸಿಗೆ ಕುಡಿಸಲು ಸಾಲುವಷ್ಟು ಸೀಸೆ ತುಂಬತೊಡಗಿತು.

ಒಂದು ದಿನ ಕಂಬದ ಮರೆಯಲ್ಲಿ ಕೂಸಿಗೆ ಹಾಲೂಡಿಸಲು ಒದ್ದಾಡುತ್ತಿದ್ದ ಹುಡುಗಿಯೊಬ್ಬಳು ಕಣ್ಣಿಗೆ ಬಿದ್ದಳು. ಮೈಕಮ್ಮ ಯಾರನ್ನೂ ಕೇಳಲಿಲ್ಲ. "ಹಾಲೂಡಿಸುವ ತಾಯಂದಿರಿಗೆ ವಿಚಾರಣೆ ಕೌಂಟರಿನ ಪಕ್ಕದ ಕೋಣೆ ತೆರೆದಿದೆ," ಎಂದು ಕೂಗಿಯೇಬಿಟ್ಟಳು. ಸಾಹೇಬರು ಬಾಗಿಲಿಗೆ ಬಂದು ನೋಡಿ, ಮತ್ತೆ ಕಡತಕ್ಕೆ ಮರಳಿದರು.

ಮಗಳು ಎದೆಹಾಲು ಬಿಟ್ಟದ್ದು ಎಷ್ಟೋ ತಿಂಗಳ ಮೇಲೆ, ಓಡಾಡುವ ಹಾಗಾದಾಗ, ತಾನಾಗಿಯೇ. ಅಷ್ಟರಲ್ಲಿ ಅವಳ ಗಂಟಲೂ ಬಲಿತಿತ್ತು. ಅವಳ ಹಟದ ಕೂಗಿಗೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.