ಒಂದು ದಿನವೂ ತಪ್ಪದ ರಂಗೋಲಿ

ಮೇಲಿನ ಮನೆಗೆ ಬಾಡಿಗೆಗೆ ಬರುವವರಿಗೆ ನಾನು ಒಂದು ಷರತ್ತು ಹಾಕುತ್ತೇನೆ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು. ನನ್ನ ಮಂಡಿ ಮಡಚುವುದಿಲ್ಲ. ಅಗ್ರಹಾರದ ನಮ್ಮ ಬೀದಿಯಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಬಾಗಿಲ ಮುಂದೆ ರಂಗೋಲಿ ಇಲ್ಲದಿದ್ದರೆ ಆ ಮನೆಯಲ್ಲಿ ಸಾವೋ ಜಗಳವೋ ಎಂದು ಕಾಫಿ ಆರುವುದರೊಳಗೆ ತೀರ್ಮಾನವಾಗಿರುತ್ತದೆ.

ಹೋದ ವರ್ಷ ಬಂದ ಗಂಡ ಹೆಂಡತಿಗೂ ಅದನ್ನೇ ಹೇಳಿದೆ. ಹೇಳಿದ್ದು ಹೆಂಡತಿಗೆ. ಗಂಡ ಪಕ್ಕದಲ್ಲೇ ನಿಂತಿದ್ದ, ಅವನಿಗೇಕೆ ಹೇಳಲಿ? "ತಪ್ಪಿದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ ಕಣಮ್ಮ," ಎಂದೆ. ಅವಳು ಗಂಡನ ಮುಖ ನೋಡಿ ಆಮೇಲೆ ಹೂಂ ಅಂದಳು. ಆ ನೋಟ ನನಗೆ ಆಗಲೇ ಹಿಡಿಸಲಿಲ್ಲ.

ಅವಳು ಬಟ್ಟೆ ಫ್ಯಾಕ್ಟರಿಗೆ ಬೆಳಗಾಗುವ ಮುಂಚೆ ಹೋಗುವವಳು. ಅವನು ಹೋಟೆಲಿನಲ್ಲಿ ಅಡುಗೆಯವನು, ಮಧ್ಯಾಹ್ನದ ಮೇಲೆ ಹೋಗುವವನು. ಹಗಲು ಹೊತ್ತು ಮನೆಯಲ್ಲಿರುವ ಗಂಡಸನ್ನು ನಾನು ನಂಬುವುದಿಲ್ಲ. ಅದಿರಲಿ, ಆ ರಂಗೋಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಎಳೆ ನೋಡಿ ಹಾಕಿದ ಕೈ ಅವಸರದಲ್ಲಿತ್ತೋ ಇಲ್ಲವೋ ಹೇಳಬಲ್ಲೆ. ಬಸ್ಸಿಗೆ ಓಡುವವಳ ಎಳೆ ಅಲ್ಲ ಅದು. ಇನ್ನೊಂದು, ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ತಿಂಗಳಿಗೆ ಮೂರು ದಿನ ಹೊರಗಾದ ಹೆಂಗಸು ನಮ್ಮ ಬೀದಿಯಲ್ಲಿ ರಂಗೋಲಿ ಬಟ್ಟಲು ಮುಟ್ಟುವುದಿಲ್ಲ. ನನ್ನ ಷರತ್ತಿಗೂ ಆ ಮೂರು ದಿನ ಸೇರುವುದಿಲ್ಲ, ಅದು ಹೇಳದೆಯೇ ಗೊತ್ತಿರಬೇಕು.

ಎದುರುಮನೆಯವಳೂ ಎಣಿಸುತ್ತಿದ್ದಳು. "ಬಸುರಿ ಇರ್ಬೇಕು ಕಣಜ್ಜಿ."

"ಬಸುರಿಯಾದ್ರೆ ಮುಚ್ಚಿಡೋದ್ಯಾಕೆ?"

"ಮುಚ್ಚಿಡೋ ಅಂಥದ್ದೇ ಇರ್ಬೇಕು ಬುಡಿ. ಇಲ್ಲಾಂದ್ರೆ ಹೊರಗಾದಾಗ್ಲೂ ನಿಮ್ಮ ಬಾಗಿಲಿಗೆ ಬರ್ತಾವ್ಳೆ. ಆ ಗಂಡಸಿಗೂ ನಾಚ್ಕೆಯಿಲ್ಲ, ಮಹಡಿ ಮೇಲೆ ಬಟ್ಟೆ ಒಣಗಾಕ್ತಾನೆ. ನಮ್ಮನೆಯವ್ರು ಕುಡಿದ ಲೋಟಾನೂ ಎತ್ತಿಡಲ್ಲಪ್ಪ."

ಎರಡರಲ್ಲಿ ಯಾವುದಾದರೂ ನನಗೆ ಮಾಡಿದ ಮೋಸವೇ. ಮಾರನೆಯ ದಿನ ಐದು ಗಂಟೆಗೇ ಎದ್ದು ಕಿಟಕಿಯ ಸಂದಿಗೆ ಕಣ್ಣಿಟ್ಟು ಕೂತೆ. ಬಕೆಟ್ಟಿನ ಸದ್ದಾಯಿತು. ಮೇಲಿನ ಹುಡುಗಿಯ ನೇರಳೆ ಶಾಲು ತಲೆತುಂಬ ಹೊದ್ದು ಯಾರೋ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡುತ್ತಿದ್ದರು. ಕಾಲು ನೋಡಿದೆ. ಅಷ್ಟಗಲದ ಹಿಮ್ಮಡಿ ಆ ಹುಡುಗಿಯದಲ್ಲ. ಬಾಗಿಲು ತೆಗೆದೆ.

"ಯಾರೋ ಅದು?"

"ನಾನೇ ಅಜ್ಜಿ, ಮೇಲಿನವನು." ಅವನ ಕೈಯಿಂದ ಪುಡಿ ಚೆಲ್ಲಿತು.

"ಹೆಂಡ್ತಿ ಶಾಲು ಹೊದ್ಕೊಂಡು ಏನೋ ಇದು ವೇಷ?"

"ಮೆಲ್ಲಗೆ ಅಜ್ಜಿ, ಕೈ ಮುಗೀತೀನಿ. ಅವಳಿಗೆ ಐದಕ್ಕೇ ಬಸ್ಸು. ತಪ್ಪಿದ್ರೆ ಮನೆ ಖಾಲಿ ಅಂದಿದ್ರಲ್ಲ ನೀವು. ಹಿಂದೆ ಇದ್ದ ರಾಜೀವನಗರದ ಮನೇನ, ಹಗಲೊತ್ತು ಗಂಡಸು ಮನೇಲಿರ್ತಾನೆ ಅಂತ್ಲೇ ಬಿಡಿಸಿದ್ರು. ಇದೂ ಹೋದ್ರೆ ಇನ್ನೆಲ್ಲಿ ಹುಡುಕೋದು?"

"ಇದನ್ನ ಯಾರು ಕಲಿಸಿದ್ದು?"

"ನಮ್ಮಮ್ಮ. ಮನೇಲಿ ಹೆಣ್ಣುಮಕ್ಕಳಿರ್ಲಿಲ್ಲ. ಅವ್ರೂ ಶಾಲು ಹೊದಿಸೇ ಕಳಿಸ್ತಿದ್ರು."

ನನಗೆ ಕನಿಕರ ಬರಲಿಲ್ಲ. ಮೂರು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದ್ದನಲ್ಲ ಎಂದು ಸಿಟ್ಟು ಬಂತು. ಬೈಯಲು ಬಾಯಿ ತೆಗೆದವಳಿಗೆ ನಮ್ಮ ಯಜಮಾನರು ನೆನಪಾದರು. ನನ್ನ ಭುಜಕ್ಕೆ ನೋವು ಹಿಡಿದುಕೊಂಡ ಮೇಲೆ ಅವರು ಸಾಯುವವರೆಗೂ ದೋಸೆಗೆ ರುಬ್ಬಿದವರು ಅವರೇ, ಹಿತ್ತಿಲ ಬಾಗಿಲು ಹಾಕಿಕೊಂಡು. ಯಾರಾದರೂ ಬಂದರೆ ಎದ್ದು ಪೇಪರು ಹಿಡಿಯುತ್ತಿದ್ದರು, ನಾನು ಕೈಗೆ ಹಿಟ್ಟು ಮೆತ್ತಿಕೊಂಡು ಒರಳಿನ ಮುಂದೆ ಕೂರುತ್ತಿದ್ದೆ. ಆ ಉಪಾಯ ಹೇಳಿಕೊಟ್ಟವಳು ನಾನೇ.

ಅಷ್ಟರಲ್ಲಿ ಎದುರುಮನೆಯ ದೀಪ ಹತ್ತಿತು. "ಯಾರ ಜೊತೆ ಅಜ್ಜಿ ಇಷ್ಟೊತ್ತಿಗೆ ಮಾತು?"

ಅವನು ಶಾಲು ಮುಂದಕ್ಕೆಳೆದು ನೆಲಕ್ಕೆ ಬಗ್ಗಿದ. ನಾನು ನಿಜ ಹೇಳಿದ್ದರೆ ಸಂಜೆಯೊಳಗೆ ಇಡೀ ಬೀದಿ ನಗುತ್ತಿತ್ತು, ಅವರು ತಾವಾಗಿಯೇ ಗಂಟು ಕಟ್ಟುತ್ತಿದ್ದರು.

"ಮೇಲಿನ ಹುಡುಗಿ ಕಣಮ್ಮ. ಎಳೆ ತಪ್ಪಿಸಿದ್ಲು, ಬೈತಿದ್ದೆ."

"ಏನಂತೆ, ವಿಶೇಷನಾ?"

"ಏನೂ ಇಲ್ವಂತೆ."

"ಹಂಗಾದ್ರೆ ಆ ಮೂರು ದಿನ?"

"ಹೇಳ್ತೀನಿ ಬುಡು ಅವಳಿಗೆ."

ಎದುರುಮನೆಯವಳು ಒಳಗೆ ಹೋದ ಮೇಲೆ ಅವನಿಗೆ ಹೇಳಿದೆ: "ಮನೆ ಬಿಡೋದೇನೂ ಬೇಡ. ಆದ್ರೆ ತಿಂಗಳಿಗೆ ಮೂರು ದಿನ ರಂಗೋಲಿ ಹಾಕ್ಬೇಡ."

"ಯಾವ ಮೂರು ದಿನ ಅಜ್ಜಿ?"

"ನನ್ನ ಕೇಳ್ತಿಯಲ್ಲೋ! ಹೆಂಡ್ತೀನ ಕೇಳು. ದಿನ ತಪ್ಪಿತೋ, ಎದುರುಮನೆಯವಳು ತೊಟ್ಟಿಲು ಹೊತ್ಕೊಂಡು ಬರ್ತಾಳೆ."

ಅವನು ತಪ್ಪಿಸಲಿಲ್ಲ. ಆ ಮೂರು ದಿನ ನಮ್ಮ ಬಾಗಿಲಿಗೆ ಬರೀ ನೀರು, ಅದನ್ನು ನಾನೇ ನಿಂತುಕೊಂಡು ಚಿಮುಕಿಸುತ್ತೇನೆ. ಉಳಿದ ದಿನ ನೇರಳೆ ಶಾಲು. ಅವರು ಈಗಲೂ ಮೇಲಿದ್ದಾರೆ.

ಮೊನ್ನೆ ಎದುರುಮನೆಯವಳು ತನ್ನ ಬಾಗಿಲಲ್ಲಿ ನಿಂತು, "ಈಗ ನೋಡಿ ಅಜ್ಜಿ, ಆಚಾರ ಕಲಿತ್ಲು ಹುಡುಗಿ," ಎಂದಳು. ಅವಳ ಬೆನ್ನ ಹಿಂದೆ, ಒಳಗೆ, ಪಾತ್ರೆ ತಿಕ್ಕುವ ಸದ್ದು. ಆ ಮನೆಯಲ್ಲಿರುವುದು ಅವಳು, ಅವಳ ಗಂಡ, ಇಬ್ಬರೇ. ನಾನು ಕತ್ತು ಚಾಚಿ ನೋಡಿದೆ. ಅವಳು ಬಾಗಿಲನ್ನು ಅರ್ಧ ಎಳೆದುಕೊಂಡಳು.